ಕುಂಭಾರಿ ರಸ್ತೆಯ ಎರಡು ಗೆರೆಗಳು

೧೯೭೬ರ ನವರಾತ್ರಿಯ ಮಾತು. ಆಗ ನಾನು ಸೊಲ್ಲಾಪುರದಲ್ಲಿ ಬಿ.ಎಸ್‌ಸಿ. ಮುಗಿಸಿ, ನೋಡಲು ಬಂದ ಗಂಡಿನ ಕಡೆಯವರಿಗೆಲ್ಲ ಅವಲಕ್ಕಿ, ಚಹಾ ಕೊಡುವುದೇ ಉದ್ಯೋಗವಾಗಿ ಮನೆಯಲ್ಲಿ ಕೂತಿದ್ದೆ. ಆಮೇಲೆ ಮದುವೆಯಾಯಿತು, ಮಕ್ಕಳಾದರು, ಈಗ ಮೊಮ್ಮಕ್ಕಳೂ ಇದ್ದಾರೆ. ಆದರೂ ನಿನ್ನ ಜೀವನದಲ್ಲಿ ನೀನು ಮಾಡಿದ ದೊಡ್ಡ ಕೆಲಸ ಯಾವುದು ಎಂದು ಯಾರಾದರೂ ಕೇಳಿದರೆ, ಒಂದು ಕಾರಿನ ಬ್ರೇಕ್ ರಿಪೇರಿ ಮಾಡಿದ್ದನ್ನೇ ಹೇಳುತ್ತೇನೆ. ಕೇಳಿದವರು ನಗುತ್ತಾರೆ. ನಗಲಿ.

ನಮ್ಮದು ಬಟ್ಟೆ ವ್ಯಾಪಾರದ ಮನೆ. ಅಪ್ಪನಿಗೆ ಅಂಗಡಿಯನ್ನು ಬಿಟ್ಟರೆ ಇದ್ದ ಒಂದೇ ಹುಚ್ಚು ಅವರ ಕಾರು. ಗಿರಣಿಯೊಂದರಲ್ಲಿದ್ದ ಇಂಗ್ಲಿಷ್ ಎಂಜಿನಿಯರನೊಬ್ಬ ತನ್ನ ದೇಶಕ್ಕೆ ಮರಳುವಾಗ ಬಿಟ್ಟುಹೋದ ವಿಲಾಯತಿ ಸ್ಪೋರ್ಟ್ಸ್ ಕಾರು ಅದು. ಎರಡೇ ಸೀಟು, ಬಟ್ಟೆಯ ಮಾಡು, ನೆಲಕ್ಕೆ ಅಂಟಿಕೊಂಡಂಥ ತಗ್ಗು ಮೈ, ಎಲೆಹಸಿರು ಬಣ್ಣ. ಓಣಿಯ ಹುಡುಗರು ಅದಕ್ಕೆ ಮರಾಠಿಯಲ್ಲಿ ‘ಬೇಡೂಕ’ ಎಂದು ಹೆಸರಿಟ್ಟಿದ್ದರು, ಅಂದರೆ ಕಪ್ಪೆ. ಅಪ್ಪ ಅದನ್ನು ಯಾರ ಕೈಗೂ ಕೊಡುತ್ತಿರಲಿಲ್ಲ. ಎಣ್ಣೆ ಬದಲಿಸುವುದು, ಪ್ಲಗ್ ತಿಕ್ಕುವುದು ಎಲ್ಲ ಅಂಗಳದಲ್ಲೇ ಆಗಬೇಕು. ಅಣ್ಣನಿಗೆ ಅಂಗಡಿಯ ಗಲ್ಲಾಪೆಟ್ಟಿಗೆ ಬಿಟ್ಟರೆ ಬೇರೆ ಯಾವುದರಲ್ಲೂ ಆಸಕ್ತಿ ಇರಲಿಲ್ಲ. ಹಾಗಾಗಿ ಕಾರಿನ ಕೆಳಗೆ ಮಲಗಿದ ಅಪ್ಪನ ಕೈಗೆ ಪಾನಾ, ಅಂದರೆ ಸ್ಪ್ಯಾನರ್, ಕೊಡುವ ಕೆಲಸ ಚಿಕ್ಕಂದಿನಿಂದ ನನ್ನದಾಯಿತು. ಸಾಲಿಯಲ್ಲಿ ಮರಾಠಿ ಕಲಿತ ನನಗೆ ಕನ್ನಡ ಅಕ್ಷರ ಕಲಿಸಿದ್ದೂ ಅಪ್ಪನೇ, ಅದೇ ಕಾರಿನ ಬಾನೆಟ್ಟಿನ ಧೂಳಿನಲ್ಲಿ ಬೆರಳಿನಿಂದ ಬರೆಸಿ.

ಪ್ರತಿ ದಸರೆಗೆ ಅಪ್ಪ ಆ ಕಾರಿನಲ್ಲಿ ಅಕ್ಕಲಕೋಟಕ್ಕೆ ಹೋಗಿ ತಮ್ಮ ಅಕ್ಕನಿಗೆ ಬನ್ನಿ ಕೊಟ್ಟು ಬರುತ್ತಿದ್ದರು. ನಮ್ಮ ಕಡೆ ದಸರೆಯ ದಿನ ಬನ್ನಿ ಎಲೆಯೇ ಬಂಗಾರ. ಕಿರಿಯರು ಅದನ್ನು ಹಿರಿಯರ ಕೈಗಿಟ್ಟು ಕಾಲು ಮುಟ್ಟಬೇಕು. ಎರಡೇ ಸೀಟಾದ್ದರಿಂದ ಅಪ್ಪನ ಪಕ್ಕ ಕೂತು ಹೋಗುವ ಹಕ್ಕು ನನಗೆ. ಅಣ್ಣ ಎಸ್.ಟಿ. ಬಸ್ಸಿನಲ್ಲಿ ಬಂದರೆ ಬಂದ, ಇಲ್ಲದಿದ್ದರೆ ಇಲ್ಲ.

ಆ ವರ್ಷ ಶ್ರಾವಣ ಮುಗಿಯುವ ಹೊತ್ತಿಗೆ ಅಪ್ಪ ಒಬ್ಬರೇ ಅಕ್ಕಲಕೋಟದಿಂದ ಮರಳುತ್ತಿದ್ದಾಗ ಕುಂಭಾರಿ ಹತ್ತಿರ ಕುರಿಹಿಂಡು ರಸ್ತೆ ದಾಟುತ್ತಿತ್ತು. ಅಪ್ಪ ಜೋರಾಗಿ ಬ್ರೇಕ್ ಒತ್ತಿದರು. ಕಾರು ನಿಲ್ಲುವ ಬದಲು ಬಲಕ್ಕೆ ಹೊರಳಿ, ರಸ್ತೆ ದಾಟಿ ಆ ಬದಿಯ ಜಾಲಿ ಗಿಡಕ್ಕೆ ಬಡಿಯಿತು. ಒಂದು ಕುರಿಗೂ ಏನೂ ಆಗಲಿಲ್ಲ. ಅಪ್ಪನ ಹಣೆಗೆ ಹೊಲಿಗೆ ಬಿದ್ದವು. ಕುರುಬರ ಮಾಳಪ್ಪ ಅವರನ್ನು ಎತ್ತಿ ಕೂರಿಸಿ, ನೀರು ಕುಡಿಸಿ, ಬಸ್ಸು ಹತ್ತಿಸಿ ಕಳಿಸಿದ.

ಮರುದಿನ ಕಾರನ್ನು ಎಳೆಸಿಕೊಂಡು ಬರಲು ನಾನು ಮತ್ತು ಅಣ್ಣ ಹೋದೆವು. ಮಾಳಪ್ಪ ಅಲ್ಲೇ ಇದ್ದ. ನಾನು ರಸ್ತೆಯನ್ನು ನೋಡುತ್ತ ನಿಂತೆ. ಟಾರಿನ ಮೇಲೆ ಗಾಲಿ ಉಜ್ಜಿದ ಕಪ್ಪು ಗೆರೆ ಬಲಕ್ಕೆ ಬಾಗಿ ಗಿಡದ ತನಕ ಹೋಗಿತ್ತು. ಒಂದೇ ಗೆರೆ, ಬಲಗಾಲಿಯದು. ಎಡಗಾಲಿಯ ಗುರುತೇ ಇರಲಿಲ್ಲ.

“ಅಣ್ಣಾ, ಇಲ್ಲಿ ನೋಡು. ಎಡಗಾಲಿ ಬ್ರೇಕ್ ಹಿಡದೇ ಇಲ್ಲ,” ಅಂದೆ.

“ನೀ ಸುಮ್ನಿರ. ಅಪ್ಪಗ ವಯಸ್ಸಾಗೇತಿ. ಕೈ ಜಾರೇತಿ, ಅಷ್ಟ,” ಅಂದ ಅಣ್ಣ.

ಮಾಳಪ್ಪ ಗೆರೆಯನ್ನೂ ನನ್ನನ್ನೂ ನೋಡಿ, “ಗಾಡಿ ಸೊಕ್ಕಿದ ಹೋರಿಯಂಗ ಒಂದs ಕಡಿ ಎಳದ್ಹೋತು ನೋಡವ್ವ. ಸಾವ್ಕಾರ್ರು ಕೈಯಾಗಿನ ಚಕ್ರಾ ತಿರುವಿದ್ದು ನಾ ಕಾಣಲಿಲ್ಲ,” ಅಂದ. ಅಣ್ಣ ಅದಕ್ಕೂ ಕಿವಿಗೊಡಲಿಲ್ಲ.

ಗ್ಯಾರೇಜಿನ ಉಸ್ತಾದ ಪೆಡಲ್ ಒತ್ತಿ ನೋಡಿದ, ಕೆಳಗೆ ಬಗ್ಗಿ ನೋಡಿದ. ಪೆಡಲ್ ಗಟ್ಟಿ ಇದೆ, ಎಣ್ಣೆ ಎಲ್ಲೂ ಸೋರಿಲ್ಲ. “ಬ್ರೇಕ್ ಏಕದಂ ಠೀಕ ಆಹೆ. ಶೇಠಜೀಂಚಂ ವಯ ಝಾಲಂ ಆತಾ,” ಎಂದು ಬಿಟ್ಟ. ಬ್ರೇಕ್ ಸರಿಯಾಗಿದೆ, ಯಜಮಾನರಿಗೇ ವಯಸ್ಸಾಯಿತು ಎಂದು ಅರ್ಥ. ಆ ಮಾತು ಪೇಟೆಯಲ್ಲಿ ಹರಡಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಅಂಗಡಿಗೆ ಬಂದವರೆಲ್ಲ ಅಪ್ಪನಿಗೆ ಕಣ್ಣಿನ ಡಾಕ್ಟರರ ಹೆಸರು ಹೇಳತೊಡಗಿದರು.

ಬೇರೆಯವರು ಅಂದದ್ದಕ್ಕೆ ನನಗೆ ಅಷ್ಟು ನೋವಾಗಲಿಲ್ಲ. ಅಪ್ಪನೇ ಅದನ್ನು ನಂಬಿದರಲ್ಲ, ಅದು ತಡೆಯಲಾಗಲಿಲ್ಲ. ಚಹಾದ ಕಪ್ಪು ಹಿಡಿದು ತಮ್ಮ ಕೈಯನ್ನೇ ನೋಡುತ್ತ ಕೂರುತ್ತಿದ್ದರು. ಅಂಗಡಿಯಲ್ಲಿ ಬಟ್ಟೆ ಅಳೆಯುವ ಕಬ್ಬಿಣದ ಗಜವನ್ನು ಅಣ್ಣನಿಗೆ ಕೊಟ್ಟುಬಿಟ್ಟರು. ಅಪ್ಪನ ಕೈಯ ಅಳತೆ ಎಂದರೆ ಗಿರಾಕಿಗಳು ಎರಡನೇ ಸಲ ನೋಡುತ್ತಿರಲಿಲ್ಲ, ಅಂಥವರು! ಒಂದು ದಿನ ಊಟಕ್ಕೆ ಕೂತಾಗ, “ಈ ಸಲ ಬನ್ನಿ ನೀವs ಎಸ್.ಟಿ.ಯೊಳಗ ತಗೊಂಡು ಹೋಗ್ರಿ. ನನ್ನ ಕೈ ನನಗs ನಂಬಾಕ ಆಗವಲ್ದು,” ಅಂದರು. ದಸರೆ ಮುಗಿದ ಮೇಲೆ ಕಾರನ್ನು ಪುಣೆಯವರಿಗೆ ಕೊಟ್ಟುಬಿಡುವುದೆಂದು ಅಣ್ಣ ಮಾತಾಡಿ ಮುಗಿಸಿದ್ದ.

ನನಗೆ ಸಿಟ್ಟು ಬಂತು. ನನ್ನ ಸಿಟ್ಟು ನಮ್ಮ ಮನೆಯಲ್ಲಿ ಹೆಸರಾದದ್ದು. ಮರುದಿನ ಅಣ್ಣ ಅಂಗಡಿಗೆ ಹೋದ ಕೂಡಲೇ ಕಾರಿನ ಮುಂಭಾಗಕ್ಕೆ ಜಾಕ್ ಕೊಟ್ಟು ಎತ್ತಿ, ಕೆಳಗೆ ದಪ್ಪ ಮರದ ದಿಮ್ಮಿಗಳನ್ನಿಟ್ಟು, ಎರಡೂ ಮುಂದಿನ ಗಾಲಿ ಬಿಚ್ಚಿದೆ. ಆ ಕಾರಿನ ಮುಂದಿನ ಬ್ರೇಕು ನಮ್ಮ ಕಡೆಯ ಗಾಡಿಗಳಂತಲ್ಲ. ಗಾಲಿಯ ಜೊತೆ ಉಕ್ಕಿನ ತಟ್ಟೆಯೊಂದು ತಿರುಗುತ್ತದೆ. ಕ್ಯಾಲಿಪರ್ ಎಂಬ ಭಾರವಾದ ಕಬ್ಬಿಣದ ಹಿಡಿ ಆ ತಟ್ಟೆಯನ್ನು ಎರಡೂ ಕಡೆಯಿಂದ ಕಚ್ಚಿ ನಿಲ್ಲಿಸುತ್ತದೆ. ಅದರ ಹೊಟ್ಟೆಯಲ್ಲಿ ಎದುರುಬದುರಾಗಿ ಎರಡು ಪಿಸ್ಟನ್. ಪೆಡಲ್ ಒತ್ತಿದಾಗ ಎಣ್ಣೆಯ ಒತ್ತಡಕ್ಕೆ ಅವು ಮುಂದೆ ಬರಬೇಕು. ಅವ್ವ ಅದನ್ನು ನೋಡಿದವಳೇ ‘ಏಡಿ’ ಎಂದು ಕರೆದಳು. ಏಡಿಯ ಕೊಂಡಿಯ ಹಾಗೇ ಇತ್ತು, ನಾನೂ ಹಾಗೇ ಕರೆಯತೊಡಗಿದೆ.

ಪೆಡಲ್ ತುಳಿಯಲು ಒಬ್ಬರು ಬೇಕಿತ್ತು. ಅಪ್ಪ ಕಾರಿನ ಹತ್ತಿರವೂ ಬರಲಿಲ್ಲ. ಕೊನೆಗೆ ಅವ್ವನನ್ನೇ ಕರೆದೆ. ಇರಕಲ್ ಸೀರೆಯ ನಿರಿಗೆ ಎತ್ತಿ ಹಿಡಿದು, ದೇವರ ಹೆಸರು ಹೇಳುತ್ತ, ಬದುಕಿನಲ್ಲಿ ಮೊದಲ ಸಲ ಅವಳು ಡ್ರೈವರನ ಸೀಟಿನಲ್ಲಿ ಕೂತಳು.

“ತುಳಿ ಅವ್ವಾ.”

“ತುಳದೀನಿ. ಗಾಡಿ ಓಡಿಗೀಡಿ ಹೋಗಂಗಿಲ್ಲಲಾ?”

“ಗಾಲಿನs ಇಲ್ಲ, ಎಲ್ಲಿ ಓಡತೈತಿ? ಇನ್ನೂ ಜೋರ ತುಳಿ.”

ಬಲಗಡೆಯ ತಟ್ಟೆ ಕಲ್ಲಾಗಿ ನಿಂತಿತು, ಅಲುಗಾಡಿಸಲಾಗಲಿಲ್ಲ. ಎಡಕ್ಕೆ ಬಂದು ನೋಡಿದರೆ ತಟ್ಟೆ ಒಂದು ಕೈಯಲ್ಲಿ ಸಲೀಸಾಗಿ ತಿರುಗುತ್ತಿತ್ತು. ಅವ್ವ ಮೈಮೇಲಿನ ಭಾರವನ್ನೆಲ್ಲ ಪೆಡಲಿನ ಮೇಲೆ ಹಾಕಿದರೂ ಎಡಗಡೆಯ ಏಡಿ ಕಚ್ಚುತ್ತಿರಲಿಲ್ಲ. ಪಿಸ್ಟನ್‌ಗಳು ಜಾಗ ಬಿಟ್ಟು ಕದಲಿರಲಿಲ್ಲವಾದ್ದರಿಂದಲೇ ಪೆಡಲ್ ಅಷ್ಟು ಗಟ್ಟಿ ಇತ್ತು. ಗ್ಯಾರೇಜಿನವನು ನೋಡಿದ್ದು ಸುಳ್ಳಲ್ಲ, ಆದರೆ ಪೂರ್ತಿ ನೋಡಿರಲಿಲ್ಲ.

ನಾನು ಪಡಸಾಲಿಗೆ ಓಡಿ ಅಪ್ಪನಿಗೆ ಹೇಳಿದೆ. ಅವರು ನನ್ನ ತಲೆಯ ಮೇಲೆ ಕೈಯಿಟ್ಟು, “ಗಿಡಕ್ಕ ಬಡದ ಮ್ಯಾಲ ಕೆಟ್ಟಿರಬೇಕವ್ವ. ನನ್ನ ತಪ್ಪು ಮುಚ್ಚಾಕ ನೀ ಯಾಕ ಮೈ ಕರಿ ಮಾಡ್ಕೋತಿ?” ಅಂದರು. ನನಗೆ ಅಳು ಬಂತು. ಆದರೆ ಅಳುವುದರಲ್ಲಿ ಕಳೆಯಲು ಹೊತ್ತಿರಲಿಲ್ಲ, ದಸರೆ ಹತ್ತಿರ ಬಂದಿತ್ತು.

ಎಡಗಡೆಯ ಏಡಿಯನ್ನು ತಟ್ಟೆಯಿಂದ ಬಿಡಿಸಿ, ಎಣ್ಣೆಯ ಕೊಳವೆ ಬಿಚ್ಚದೆ, ಬಚ್ಚಲ ಹಂಡೆಯ ಕುದಿನೀರು ಮೇಲೆ ಸುರಿದು, ಅವ್ವನಿಂದ ಮತ್ತೆ ಮತ್ತೆ ಪೆಡಲ್ ತುಳಿಸಿದೆ. ಒಂದು ಪಿಸ್ಟನ್ ಕೊಸರಾಡಿ ಮುಂದೆ ಬಂತು. ಅದನ್ನು ಕಟ್ಟಿಗೆಯ ತುಂಡಿನಿಂದ ಒತ್ತಿ ಹಿಡಿದೆ. ಇನ್ನೊಂದು ಜಪ್ಪಯ್ಯ ಅಂದರೂ ಬರದು. ನೀರು ಸುರಿಯುವುದು, ತುಳಿಯುವುದು, ಅಂಚಿಗೆ ಮೆಲ್ಲಗೆ ತಟ್ಟುವುದು. ಮಧ್ಯಾಹ್ನದ ಹೊತ್ತಿಗೆ ಒಮ್ಮೆಲೇ ‘ಡಬ್’ ಎಂದು ಹಾರಿ ಮುಂದೆ ಹಾಸಿದ್ದ ಹಳೇ ಚಾದರದ ಮೇಲೆ ಬಿತ್ತು. ಅದರ ಹಿಂದೆಯೇ ಕಂದು ಬಣ್ಣದ ಎಣ್ಣೆ ನನ್ನ ಮುಖಕ್ಕೆ ರಾಚಿತು. ಅವ್ವ ಚೀರಿದಳು. ಮುಖ ತೊಳೆದುಕೊಂಡು ಬಂದು ಪಿಸ್ಟನ್ ಕೈಯಲ್ಲಿ ಹಿಡಿದು ನಕ್ಕೆ. ಅದರ ಮೈಗೆ ಹಳೇ ತುಕ್ಕು ದಪ್ಪಗೆ ಕಟ್ಟಿತ್ತು. ಧೂಳು ತಡೆಯುವ ರಬ್ಬರಿನ ಟೊಪ್ಪಿಗೆ ಎಂದೋ ಹರಿದು, ಮಳೆಗಾಲದ ನೀರು ಒಳಗೆ ಇಳಿದಿತ್ತು. ಇಷ್ಟು ತುಕ್ಕು ಗಿಡಕ್ಕೆ ಬಡಿದ ಮೇಲೆ ಹುಟ್ಟಿದ್ದಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಾಗಿರಲಿಲ್ಲ.

ಬಲಗಡೆಯದನ್ನೂ ಬಿಚ್ಚಿದೆ. ಎರಡೂ ಏಡಿಗಳನ್ನು ಒಳಹೊರಗೆ ತಿಕ್ಕಿ ತೊಳೆದು, ಪಿಸ್ಟನ್‌ಗಳನ್ನು ನಯವಾದ ಪಾಲಿಶ್ ಕಾಗದದಿಂದ ನೀರು ಹಾಕಿ ಹಾಕಿ ಉಜ್ಜಿದೆ. ಅಪ್ಪ ಎಂದೋ ಮುಂಬೈಯಿಂದ ತಂದು ಡಬ್ಬಿಯಲ್ಲಿ ಪೌಡರ್ ಹಾಕಿ ಇಟ್ಟಿದ್ದ ಹೊಸ ರಬ್ಬರ್ ಬಳೆಗಳಿದ್ದವು. ಅವಕ್ಕೆ ಸೀಮೆಎಣ್ಣೆ ತಾಗಬಾರದು, ತಾಗಿದರೆ ಉಬ್ಬುತ್ತವೆ. ಅದಕ್ಕೇ ಬ್ರೇಕಿನ ಎಣ್ಣೆಯನ್ನೇ ಬೆರಳಿಗೆ ಹಚ್ಚಿಕೊಂಡು ಒಂದೊಂದನ್ನೂ ಕೂರಿಸಿದೆ. ಪಿಸ್ಟನ್ ಹೆಬ್ಬೆರಳಿನ ಒತ್ತಿಗೆ ಮೆತ್ತಗೆ ಒಳಗಿಳಿದಾಗ ಆದ ಸುಖ ಪರೀಕ್ಷೆಯಲ್ಲಿ ಮೊದಲ ದರ್ಜೆ ಬಂದಾಗಲೂ ಆಗಿರಲಿಲ್ಲ. ಎಣ್ಣೆಯ ತೂತುಗಳಿಗೆ ಬಟ್ಟೆ ತುರುಕಿ, ಸೀಮೆಸುಣ್ಣದಿಂದ ಒಂದರ ಮೇಲೆ ‘ಎ’ ಇನ್ನೊಂದರ ಮೇಲೆ ‘ಬ’ ಎಂದು ಬರೆದೆ. ಎಡ, ಬಲ. ನಾಳೆ ಬೆಳಿಗ್ಗೆ ಕೂರಿಸಿದರಾಯಿತು ಎಂದುಕೊಂಡೆ.

ಆದರೆ ನಾಳೆ ಖಂಡೇನವಮಿ, ಆಯುಧಪೂಜೆಯ ದಿನ. ಬೆಳಿಗ್ಗೆ ಎದ್ದು ನೋಡಿದರೆ ಚಾದರದ ಮೇಲೆ ಏಡಿಗಳಿಲ್ಲ. ಒಳಗೆ ಹೋದರೆ ಅವು ದೇವರ ಮುಂದೆ ಇದ್ದವು. ಅಂಗಡಿಯ ಗಜ, ಕತ್ತರಿ, ತಕ್ಕಡಿ, ಮನೆಯ ಈಳಿಗೆ, ನನ್ನ ಪಾನಾಗಳು, ಇವುಗಳ ನಡುವೆ ಎರಡೂ ಏಡಿ. ಹುಣಸೆಹಣ್ಣು ಹಚ್ಚಿ ತಿಕ್ಕಿ ಫಳಫಳ ಮಾಡಿ, ವಿಭೂತಿ, ಕುಂಕುಮ ಹಚ್ಚಿ, ಚೆಂಡುಹೂ ಏರಿಸಿ ಕೂರಿಸಿದ್ದಳು ಅವ್ವ. “ಇಷ್ಟ ದುಡದಾವ. ಇವತ್ತೊಂದಿನ ಅವಕ್ಕೂ ಪೂಜಿ ಆಗ್ಲಿ. ಕಬ್ಬಣಾ ಮುಟ್ಟಬ್ಯಾಡ ಇವತ್ತ,” ಅಂದಳು. ನಾನು ಕೈ ಮುಗಿದೆ. ಖಂಡೇನವಮಿಯ ದಿನ ಪಾನಾ ಹಿಡಿದರೆ ಅವ್ವ ಉಪವಾಸ ಬೀಳುತ್ತಿದ್ದಳು.

ದಸರೆಯ ದಿನ ಬೇಗ ಎದ್ದು ಏಡಿಗಳನ್ನು ಕೂರಿಸಿದೆ. ಸೀಮೆಸುಣ್ಣದ ಗುರುತು ಎಲ್ಲಿರಬೇಕು? ಹುಣಸೆಹಣ್ಣಿನ ಜೊತೆ ಹೋಗಿತ್ತು. ಎರಡೂ ಒಂದೇ ಥರ ಕಾಣುತ್ತಿದ್ದವು, ದೇವರ ಎಡಗಡೆ ಇದ್ದದ್ದು ಎಡದ್ದು ಎಂದುಕೊಂಡೆ. ಎಣ್ಣೆ ತುಂಬಿ, ಅವ್ವನನ್ನು ಕೂರಿಸಿ, ಒಳಗಿನ ಗಾಳಿ ತೆಗೆಯತೊಡಗಿದೆ. ಏಡಿಗೆ ಸಣ್ಣದೊಂದು ತಿರುಪುಮೊಳೆಯಿರುತ್ತದೆ, ಅದನ್ನು ಸಡಿಲಿಸಿ ಪೆಡಲ್ ತುಳಿದರೆ ಎಣ್ಣೆಯ ಜೊತೆ ಗಾಳಿಯ ಗುಳ್ಳೆ ಹೊರಗೆ ಬರುತ್ತವೆ. ಗುಳ್ಳೆ ನಿಂತವು. ಪೆಡಲ್ ಮಾತ್ರ ನೆನೆದ ಚಾದರ ತುಳಿದ ಹಾಗೆ ಕೆಳಗಿಳಿಯುತ್ತಿತ್ತು. ಮತ್ತೆ ತೆಗೆದೆ, ಮತ್ತೂ ತೆಗೆದೆ. ಹಾಗೆಯೇ. ಮೊದಲು ಒಂದು ಗಾಲಿಯಾದರೂ ಹಿಡಿಯುತ್ತಿತ್ತು, ಈಗ ಎರಡೂ ಇಲ್ಲ!

ಅಣ್ಣ ಹೊಸ ಧೋತರ ಉಟ್ಟು ಬಾಗಿಲಲ್ಲಿ ನಿಂತು ನೋಡಿದ. “ಇದ್ದದ್ದೂ ಕೆಡಿಸಿದಿ. ನಡಿ, ಜಳಕಾ ಮಾಡು. ಬಸ್ಸಿಗೆ ಹೊತ್ತಾಗತೈತಿ,” ಅಂದ. ಪಡಸಾಲಿಯಲ್ಲಿ ಅಪ್ಪ ಗೋಡೆಯ ಕಡೆ ಮುಖ ತಿರುಗಿಸಿದರು. ಅವ್ವ ಹೋಳಿಗೆಗೆ ಹೊತ್ತಾಯಿತೆಂದು ಒಳಗೆ ಹೋದಳು.

ನಾನು ಬಚ್ಚಲಿಗೆ ಹೋಗಿ ಮುಖ ತೊಳೆಯಲು ತಂಬಿಗೆ ಎತ್ತಿಕೊಂಡೆ. ಸಿಟ್ಟಿನಲ್ಲಿ ಅದನ್ನು ಬೋರಲಾಗಿಯೇ ಬಕೆಟ್ಟಿಗೆ ಒತ್ತಿದೆ. ನೀರು ತುಂಬಲಿಲ್ಲ. ಇನ್ನೂ ಒತ್ತಿದೆ, ಒಳಗಿನ ಗಾಳಿ ತಂಬಿಗೆಯನ್ನು ಮೇಲಕ್ಕೆ ನೂಕಿತು. ಕೈ ವಾಲಿದ ಕೂಡಲೇ ‘ಬುಳುಕ್’ ಎಂದು ಗಾಳಿ ಹೊರಗೆ, ನೀರು ಒಳಗೆ. ನಾನು ತಂಬಿಗೆ ಅಲ್ಲೇ ಬಿಟ್ಟು ಓಡಿದೆ. ಕಾರಿನ ಮುಂದೆ ಅಂಗಾತ ಮಲಗಿ ನೋಡಿದೆ. ಗಾಳಿ ಹೋಗುವ ಮೊಳೆ ಏಡಿಯ ನೆತ್ತಿಯಲ್ಲಿರಬೇಕು. ಇಲ್ಲಿ ಎರಡರದ್ದೂ ತಳದಲ್ಲಿತ್ತು! ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಕೂರಿಸಿದ್ದೆ. ಗಾಳಿ ಮೇಲೆ ಸಿಕ್ಕಿಕೊಂಡು ಕೂತಿತ್ತು, ನಾನು ಕೆಳಗಿನಿಂದ ಬರೀ ಎಣ್ಣೆ ತೆಗೆದು ತೆಗೆದು ಚೆಲ್ಲಿದ್ದೆ.

“ಅವ್ವಾ! ದೇವರ ಮುಂದ ಏಡಿ ಹೆಂಗ ಇಟ್ಟಿದ್ದಿ?” ಎಂದು ಕೂಗಿದೆ.

“ಜೋಡಿ ಎತ್ತಿನಂಗ ಇಟ್ಟಿದ್ದೆವಾ. ಚಂದ ಕಾಣ್ಲಿ ಅಂತ ಅದನ್ನ ಇತ್ತ, ಇದನ್ನ ಅತ್ತ ಮಾಡಿದೆ. ಯಾಕ?”

ನಾನು ನೆಲದ ಮೇಲೆ ಬಿದ್ದುಕೊಂಡೇ ನಗತೊಡಗಿದೆ. ಬಯ್ಯಲು ಯಾರಿದ್ದಾರೆ? ಪೂಜೆ ಮಾಡಿದ್ದು ಅವಳು, ನೋಡದೆ ಕೂರಿಸಿದ್ದು ನಾನು. ನಗು ನಿಲ್ಲದ್ದು ಕೇಳಿ ಅಪ್ಪ ಎದ್ದು ಅಂಗಳಕ್ಕೆ ಬಂದರು. ದಿಮ್ಮಿಗಳ ಮೇಲೆ ಎತ್ತಿ ನಿಲ್ಲಿಸಿದ್ದ ತಮ್ಮ ಕಾರನ್ನು ಎಷ್ಟೋ ದಿನಗಳ ಮೇಲೆ ಹತ್ತಿರದಿಂದ ನೋಡಿದರು. ನಾನು ಬೆರಳಿಟ್ಟು ಮೊಳೆ ತೋರಿಸಿದೆ. ಅಪ್ಪ ಬಗ್ಗಿ ನೋಡಿ, “ಎಡಕ್ಕ ಹೂಡೋ ಎತ್ತು ಬಲಕ್ಕ ಹೂಡೀದಿ,” ಅಂದರು. ಅವರ ತುಟಿಯ ಮೇಲೆ ನಗು ಕಂಡಿತು.

ಏಡಿಗಳನ್ನು ಬಿಚ್ಚಿ ಅದಲುಬದಲು ಮಾಡಿದೆ. ಅವ್ವನ ಕೈ ಕಣಕದಲ್ಲಿತ್ತು. ಪೆಡಲ್ ತುಳಿಯಲು ಯಾರೂ ಇರಲಿಲ್ಲ. ನಾನು ಕೇಳಲಿಲ್ಲ. ಅಪ್ಪ ತಾವೇ ಬಾಗಿಲು ತೆಗೆದು ತಮ್ಮ ಸೀಟಿನಲ್ಲಿ ಕೂತರು.

“ತುಳೀರಿ ಅಪ್ಪಾ.”

“ತುಳದೆ.”

“ಹಿಡೀರಿ. ಹಾಂ, ಬಿಡ್ರಿ ಈಗ.”

ಮೊಳೆಯಿಂದ ಗುಳ್ಳೆಗಳು ಸಾಲುಗಟ್ಟಿ ಬಂದವು. ಬರುಬರುತ್ತ ಕಡಿಮೆಯಾಗಿ, ಎಣ್ಣೆ ತಿಳಿಯಾಯಿತು. ಆಮೇಲೆ ನಾನು ಹೇಳದೆಯೇ ಅಪ್ಪ ಒಂದು ಸಲ ಒತ್ತಿ, ಕಾಲು ಹಾಗೇ ಇಟ್ಟುಕೊಂಡರು. “ಗಟ್ಟಿ ಆತು ನಂದಾ. ಎರಡೂ ಕಡೆ ಹಿಡೀತು, ಕಾಲಿಗೆ ತಿಳೀತು,” ಅಂದರು. ಅವರು ನನ್ನನ್ನು ಮಹಾನಂದಾ ಎನ್ನದೆ ನಂದಾ ಎಂದದ್ದು ಅಪಘಾತದ ನಂತರ ಅದೇ ಮೊದಲು.

ಗಾಲಿ ಹಾಕಿ, ಕಾರನ್ನು ಕೆಳಗಿಳಿಸಿ, ಓಣಿಯಲ್ಲಿ ಮೆಲ್ಲಗೆ ಓಡಿಸಿ ನೋಡಿದೆವು. ಮತ್ತೆ ಅಪ್ಪ ಮನೆಯೊಳಗೆ ಹೋಗಿ ತಲೆಗೆ ಪಟಗಾ ಸುತ್ತಿಕೊಂಡು, ಕೈಯಲ್ಲಿ ಬನ್ನಿ ಎಲೆಯ ಕಟ್ಟು ಹಿಡಿದು ಬಂದರು. “ನಡಿ, ಅಕ್ಕಗ ಬನ್ನಿ ಕೊಟ್ಟು ಬರೂಣು.” ಜಳಕಕ್ಕೂ ಬಿಡಲಿಲ್ಲ. ಅಣ್ಣ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಸೀಟು ಎರಡೇ, ನಾನೇನು ಮಾಡಲಿ!

ಕುಂಭಾರಿ ದಾಟುತ್ತಿದ್ದಂತೆ ಜಾಲಿ ಗಿಡ ಕಂಡಿತು. ಮಾಳಪ್ಪ ದೂರದ ಹೊಲದಲ್ಲಿ ಕುರಿ ಮೇಯಿಸುತ್ತಿದ್ದ. ರಸ್ತೆ ಖಾಲಿ ಇತ್ತು. ಅಪ್ಪ ಹಿಂದೆ ಮುಂದೆ ನೋಡಿ, “ಗಟ್ಟಿ ಹಿಡಕೊಂಡು ಕೂಡು,” ಅಂದರು. ವೇಗ ಹೆಚ್ಚಿತು. ನೋಡುತ್ತಿದ್ದಂತೆಯೇ ಎರಡೂ ಕೈಯನ್ನು ಸ್ಟಿಯರಿಂಗ್ ಚಕ್ರದಿಂದ ತೆಗೆದು ಮೇಲಕ್ಕೆತ್ತಿ, ಜೋರಾಗಿ ಬ್ರೇಕ್ ಒತ್ತಿದರು.

ನಾನು ಕಣ್ಣು ಮುಚ್ಚಿದೆ. ಟಯರು ಕಿರ್ರೆಂದವು. ಕಣ್ಣು ತೆರೆದಾಗ ಕಾರು ರಸ್ತೆಯ ತನ್ನ ಬದಿಯಲ್ಲೇ ನೆಟ್ಟಗೆ ನಿಂತಿತ್ತು. ಅಪ್ಪನ ಕೈ ಇನ್ನೂ ಮೇಲೆಯೇ ಇದ್ದವು.

ಇಬ್ಬರೂ ಇಳಿದು ಹಿಂದೆ ನಡೆದೆವು. ಟಾರಿನ ಮೇಲೆ ಎರಡು ಕಪ್ಪು ಗೆರೆ, ಅಂಗಡಿಯ ಗಜ ಇಟ್ಟು ಎಳೆದಷ್ಟು ನೆಟ್ಟಗೆ. ಸಪ್ಪಳ ಕೇಳಿ ಮಾಳಪ್ಪ ಓಡಿಬಂದ. ಗೆರೆಗಳ ನಡುವೆ ಆ ತುದಿಯಿಂದ ಈ ತುದಿಗೆ ನಡೆದು ನೋಡಿ, “ಈ ಸಲ ಎರಡೂ ಎತ್ತು ಕೂಡಿ ನಿಂತಾವ ನೋಡ್ರಿ ಸಾವ್ಕಾರ್ರ. ನಾ ಅವತ್ತs ಹೇಳಿದ್ದೆ, ಕೈ ನಿಮ್ಮದು ಜಾರಿಲ್ಲಂತ,” ಅಂದ.

ಅಪ್ಪ ತಮ್ಮ ಎರಡೂ ಕೈಯನ್ನು ಮುಂದೆ ಹಿಡಿದು, ತಿರುವಿ ಮುರುವಿ ನೋಡಿಕೊಂಡರು. ಅವು ಕೊಂಚವೂ ನಡುಗುತ್ತಿರಲಿಲ್ಲ. ಕಣ್ಣು ಮಾತ್ರ ತುಂಬಿದ್ದವು. ಪಟಗದ ಚುಂಗಿನಿಂದ ಒರೆಸಿಕೊಂಡು, ಬನ್ನಿಯ ಕಟ್ಟು ಬಿಚ್ಚಿ, ಮೊದಲ ಎಲೆಗಳನ್ನು ನನ್ನ ಕೈಗಿಡಲು ಬಂದರು. ನನ್ನದು ಉಗುರಿನಲ್ಲಿ ಕರಿ ತುಂಬಿದ, ಎಣ್ಣೆಯ ವಾಸನೆಯ ಕೈ.

“ಅಪ್ಪಾ, ಕಿರ್ಯಾರು ಹಿರ್ಯಾರಿಗೆ ಕೊಡಬೇಕ್ರಿ,” ಅಂದೆ, ಕೈ ಹಿಂದೆಗೆದು.

“ಹೌದು. ಇವತ್ತ ನೀ ಹಿರ್ಯಾಕಿ. ತಗೋ, ಬನ್ನಿ ತಗೊಂಡು ಬಂಗಾರಧಂಗ ಇರೂಣು,” ಅಂದರು.

ಎರಡನೆಯದು ಮಾಳಪ್ಪನಿಗೆ. ಅಕ್ಕಲಕೋಟದಲ್ಲಿ ಅತ್ತೆಗೆ ಬನ್ನಿ ಕೊಟ್ಟದ್ದಕ್ಕಿಂತ ಏಡಿಯ ಕತೆ ಹೇಳಿದ್ದೇ ಹೆಚ್ಚು. ಹಬ್ಬಕ್ಕೆ ಮೈಂದರ್ಗಿಯಿಂದ ಬಂದ ನೆಂಟರಿಗೆ ಹೇಳುವ ಹೊತ್ತಿಗೆ ಅಪ್ಪನ ಬಾಯಲ್ಲಿ ನಾನು ಇಡೀ ಕಾರನ್ನೇ ಬಿಚ್ಚಿ ಜೋಡಿಸಿದ್ದೆ. ನಾನು ತಿದ್ದಲಿಲ್ಲ.

ಮರುದಿನ ಅಂಗಡಿ ತೆರೆದಾಗ ಅಪ್ಪ ಅಣ್ಣನ ಮುಂದೆ ಕೈ ಚಾಚಿದರು. ಅಣ್ಣ ಗಜವನ್ನು ಅವರ ಕೈಗೆ ಕೊಟ್ಟ. ಪುಣೆಯವರಿಗೆ ಕಾರು ಸಿಗಲಿಲ್ಲ. ಅಪ್ಪ ಮುಂದೆ ಬಹಳ ವರ್ಷ ಅದನ್ನು ಓಡಿಸಿದರು, ಬಟ್ಟೆಯನ್ನೂ ಅಳೆದರು.

ಇಂದಿಗೂ ದಸರೆಯ ದಿನ ನನ್ನ ಮಕ್ಕಳು, ಮೊಮ್ಮಕ್ಕಳು ಸಾಲಾಗಿ ಬಂದು ನನ್ನ ಕೈಗೆ ಬನ್ನಿ ಇಡುತ್ತಾರೆ. ವಯಸ್ಸಿಗೆ ತಕ್ಕ ಮರ್ಯಾದೆ ಅದು. ಅವರು ಕೊಟ್ಟದ್ದನ್ನು ಪ್ರೀತಿಯಿಂದ ತೆಗೆದುಕೊಳ್ಳುತ್ತೇನೆ. ಆದರೆ ನಾನು ಹಿರ್ಯಾಕಿ ಆದದ್ದು ವಯಸ್ಸಿನಿಂದಲ್ಲ. ಅದು ಕುಂಭಾರಿಯ ರಸ್ತೆಯ ಮೇಲೆ, ಕರಿ ಕೈಯಲ್ಲಿ, ಅಪ್ಪ ಕೊಟ್ಟದ್ದು.